ಬಿಚ್ಚಿಕೊಳ್ಳಬೇಕಾದ ಹೊಲಿಗೆ

ಅಮ್ಮಿ, ಪುಟ್ಟಾ,

ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಶುರು ಮಾಡುತ್ತೇನೆ. ಶಾಲೆಯ ಹೆಸರು ಬರೆದರೆ ಯಾರಿಗೋ ಅರ್ಜಿ ಬರೆದ ಹಾಗೆ ಆಗುತ್ತದೆ. ನಾವು ಆಡುವುದು ತುಳು. ಆದರೆ ನನಗೆ ಅಕ್ಷರ ಕಲಿಸಿದ್ದು ಕಡಲ ಬದಿಯ ನಮ್ಮ ಊರಿನ ಶಾಲೆ, ಅಲ್ಲಿ ಕಲಿಸಿದ್ದು ಕನ್ನಡ. ಹಾಗಾಗಿ ಬರೆಯುವುದು ಕನ್ನಡದಲ್ಲಿ.

ನನ್ನ ಹೊಲಿಗೆ ಮೆಷಿನಿನ ಹಿಂದಿನ ಗೋಡೆಯಲ್ಲಿ, ಮೊಳೆಗೆ ಒಂದು ನೀಲಿ ಬಟ್ಟೆಯ ಪಟ್ಟಿ ನೇತುಹಾಕಿದ್ದೇನಲ್ಲ, ಅದು ಎಂತ ಅಜ್ಜಿ ಎಂದು ನೀವಿಬ್ಬರೂ ಎಷ್ಟೋ ಸಲ ಕೇಳಿದ್ದೀರಿ. ನಾನು ಸುಮ್ಮನೆ ಎಂದು ಹೇಳಿ ಬೇರೆ ಮಾತು ತೆಗೆದಿದ್ದೇನೆ. ನಾಲ್ಕು ಜನರ ಎದುರು ಬಾಯಿ ಬಿಡಲು ನನಗೆ ಮೊದಲಿನಿಂದಲೂ ಸಂಕೋಚ. ಮಕ್ಕಳ ಎದುರಿಗೂ ಉದ್ದ ಕತೆ ಹೇಳಲು ಬರುವುದಿಲ್ಲ. ಬರೆದರೆ ನಿಧಾನಕ್ಕೆ ಹೇಳಬಹುದು.

ನಿಮ್ಮ ಅಮ್ಮ ಮೊದಲು ಕೊಟ್ಟಾರದ ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ನಮ್ಮ ಜೆಪ್ಪುವಿನಿಂದ ಹಂಪನಕಟ್ಟೆ, ಅಲ್ಲಿ ಇಳಿದು ಇನ್ನೊಂದು ಬಸ್ಸು. ನಿಮ್ಮ ಅಪ್ಪ ಕುವೈತಿನಿಂದ ರಜೆಗೆ ಬಂದಾಗ ಕಾರು ತೆಗೆದುಕೊಟ್ಟರು. ಅವರು ಆ ಕಾರಿನ ಸುತ್ತ ನನ್ನನ್ನು ನಡೆಸಿ ಒಂದೊಂದೇ ತೋರಿಸಿದರು.

"ಮಾಮಿ, ಇದರಲ್ಲಿ ಏರ್‌ಬ್ಯಾಗ್ ಎದುರು ಮಾತ್ರ ಅಲ್ಲ, ಬದಿಯಲ್ಲೂ ಉಂಟು."

ನಾನು ತಲೆ ಆಡಿಸಿದೆ. ಅಳಿಯ ಇಷ್ಟು ಸಂತೋಷದಲ್ಲಿ ಹೇಳುವಾಗ ಅದು ಎಂತ ಎಂದು ಕೇಳುವುದು ಹೇಗೆ? ನಿಜ ಹೇಳಬೇಕೆಂದರೆ ನನ್ನ ಕಣ್ಣು ಇದ್ದದ್ದು ಸೀಟಿನ ಮೇಲೆ. ಹಾಲಿನ ಕೆನೆಯ ಬಣ್ಣದ ಸೀಟು. ನಮ್ಮದು ಬೆಳಿಗ್ಗೆ ಬೋಟು ನಿಲ್ಲುವ ದಕ್ಕೆಗೆ ಹೋಗಿ ಆಗಷ್ಟೇ ಇಳಿದ ಬಂಗುಡೆ ಮೀನು ತರುವ ಮನೆ. ಪುಟ್ಟನ ಕೈಯಲ್ಲಿ ಐಸ್‌ಕ್ರೀಮ್ ಕರಗದೆ ಬಾಯಿಗೆ ಹೋದದ್ದೇ ಇಲ್ಲ. ಮಳೆಗಾಲದಲ್ಲಿ ಒದ್ದೆ ಕೊಡೆ. ಈ ಸೀಟು ಒಂದು ವರ್ಷ ಉಳಿಯುವುದಿಲ್ಲ ಎಂದು ಅಲ್ಲೇ ಲೆಕ್ಕ ಹಾಕಿದೆ.

ಅಳಿಯ ವಾಪಸು ಹೋದ ಮೇಲೆ ಹಂಪನಕಟ್ಟೆಗೆ ಹೋಗಿ ದಪ್ಪ ನೀಲಿ ಬಟ್ಟೆ ತಂದೆ. ನಿಮ್ಮ ಅಮ್ಮನಿಗೆ ಹೇಳಲಿಲ್ಲ. ರಜೆಯ ದಿನ ಅವಳು ಮಲಗಿದ್ದಾಗ ಕಾರಿನೊಳಗೆ ಕೂತು ಅಳತೆ ತೆಗೆದೆ. ಕೂರುವ ಜಾಗ, ಒರಗುವ ಜಾಗ ಎಲ್ಲ ಮೆಷಿನಿನಲ್ಲಿ ಹೊಲಿದೆ. ಆದರೆ ಎದುರಿನ ಸೀಟಿನ ಬಾಗಿಲ ಬದಿಯ ಅಂಚನ್ನು ನೋಡಿ ಯೋಚನೆ ಬಂತು. ಹತ್ತುವಾಗ, ಇಳಿಯುವಾಗ ಮೈ ಉಜ್ಜುವುದು ಅಲ್ಲೇ. ಮೊದಲು ಹರಿಯುವುದೂ ಅಲ್ಲೇ. ಮೆಷಿನಿನ ದಾರ ಅಲ್ಲಿ ತಡೆಯುವುದಿಲ್ಲ.

ನಮ್ಮ ಮನೆಯಲ್ಲಿ ಗಟ್ಟಿ ನೂಲಿಗೆ ಬರವಿಲ್ಲ. ನಿಮ್ಮ ಅಜ್ಜ ತೀರಿಕೊಂಡು ಎಷ್ಟು ಮಳೆಗಾಲ ಹೋಯಿತು, ಅವರು ಬಲೆ ರಿಪೇರಿಗೆ ಇಟ್ಟುಕೊಂಡಿದ್ದ ನೈಲಾನ್ ನೂಲಿನ ಉಂಡೆಗಳು ಮಾತ್ರ ಇನ್ನೂ ಮಂಚದ ಕೆಳಗೆ ಇವೆ. ಉಪ್ಪುನೀರಿಗೆ ಹೆದರದ ನೂಲು. ನಾನು ಚೀಲದ ಹಿಡಿ, ಚಾಪೆಯ ಅಂಚು, ನಿಮ್ಮ ಶಾಲೆಯ ಬ್ಯಾಗಿನ ಪಟ್ಟಿ ಎಲ್ಲವನ್ನೂ ಅದರಲ್ಲೇ ಹೊಲಿಯುವುದು. ಆ ಅಂಚನ್ನೂ ದಬ್ಬಣ ಹಿಡಿದು ಕೈಯಲ್ಲೇ ಹೊಲಿದೆ, ಹೋಗುವಾಗ ಒಂದು ಸಾಲು, ಬರುವಾಗ ಒಂದು ಸಾಲು. ಸೀಟಿನ ಆ ಬದಿಯಲ್ಲಿ ಇಂಗ್ಲಿಷ್ ಅಕ್ಷರದ ಸಣ್ಣ ಪಟ್ಟಿಯೊಂದು ಹೊರಗೆ ನಾಲಿಗೆ ಚಾಚಿತ್ತು. ಕಂಪನಿಯ ಹೆಸರು ಇರಬೇಕು ಎಂದುಕೊಂಡು, ಕವರು ಹಾಕುವಾಗ ಅದನ್ನು ಒಳಗೆ ಚೆಂದ ಮಾಡಿ ಮಡಚಿಟ್ಟೆ.

ನಿಮ್ಮ ಅಮ್ಮ ನೋಡಿ ನಕ್ಕಳು.

"ಎಂತ ಅಮ್ಮ, ಕಾರಿಗೂ ಬಲೆ ಹಾಕಿದ್ರಾ?"

"ಮೀನು ತಪ್ಪಿಸಿಕೊಂಡು ಹೋಗಬಾರದಲ್ಲ."

"ನಾನು ಮೀನಾ?"

"ಬೆಳಿಗ್ಗೆ ಏಳುವ ಹೊತ್ತು ನೋಡಿದರೆ ಮೀನೇ. ನೀರಿನಿಂದ ಹೊರಗೆ ತೆಗೆದ ಹಾಗೆ ಒದ್ದಾಡ್ತೀಯಲ್ಲ."

ಅವಳು ಆಫೀಸಿನಲ್ಲಿ ಎಲ್ಲರಿಗೂ ಕವರು ತೋರಿಸಿದಳಂತೆ. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಕಾರಿನ ಮೊದಲ ಸರ್ವಿಸಿಗೆ ಅವಳು ನನ್ನನ್ನೂ ಕರೆದುಕೊಂಡು ಹೋದಳು, ಅಲ್ಲಿಂದ ಕಣ್ಣಿನ ಡಾಕ್ಟರಲ್ಲಿಗೆ ಹೋಗಲಿಕ್ಕಿತ್ತು. ಗಾಜಿನ ಗೋಡೆಯ ದೊಡ್ಡ ಹಾಲ್, ತಣ್ಣಗಿನ ಗಾಳಿ, ಸೋಫಾ. ನಾನು ಮೂಲೆಯಲ್ಲಿ ಸೆರಗು ಹೊದ್ದು ಕೂತೆ. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಯ ಒಬ್ಬಳು ಹುಡುಗಿ ಬಂದಳು. ಇಂಜಿನಿಯರಿಂಗ್ ಕಲಿತವಳು, ಕೈಯಲ್ಲಿ ಟಾರ್ಚು.

"ಮೇಡಂ, ಈ ಸೀಟ್ ಕವರ್ ಎಲ್ಲಿ ಮಾಡಿಸಿದ್ದು?"

"ಅಮ್ಮ ಹೊಲಿದದ್ದು," ಎಂದು ನಿಮ್ಮ ಅಮ್ಮ ನನ್ನ ಕಡೆ ಕೈ ತೋರಿಸಿದಳು.

ಹುಡುಗಿ ನನ್ನ ಪಕ್ಕದಲ್ಲೇ ಬಂದು ಕೂತಳು. "ಹೊಲಿಗೆ ಭಾರೀ ಚಂದ ಉಂಟು ಅಮ್ಮ. ಅದೇ ತೊಂದರೆ. ಒಮ್ಮೆ ಬನ್ನಿ, ತೋರಿಸ್ತೇನೆ."

ಹಿಂದೆ, ಕಾರುಗಳನ್ನು ಬಿಚ್ಚಿಟ್ಟಿರುವ ಜಾಗದಲ್ಲಿ, ಎಲ್ಲೋ ಪೆಟ್ಟು ತಿಂದ ಕಾರಿನ ಒಂದು ಸೀಟು ಇತ್ತು. ಅದರ ಬದಿ ಮೇಲಿನಿಂದ ಕೆಳಗೆ ಸೀಳಿಕೊಂಡು, ಒಳಗಿನಿಂದ ಬಿಳಿಯ ಚೀಲವೊಂದು ಹೊರಗೆ ನೇತಾಡುತ್ತಿತ್ತು. ಅದೇ ಬದಿಯ ಏರ್‌ಬ್ಯಾಗ್ ಎಂದು ಹುಡುಗಿ ವಿವರಿಸಿದಳು. ಎದುರಿನಿಂದ ಗುದ್ದಿದರೆ ಬಾನೆಟ್ ಉಂಟು, ಇಂಜಿನ್ ಉಂಟು, ಅಷ್ಟೆಲ್ಲ ಜಜ್ಜಿ ಮುಗಿಯುವಾಗ ಸ್ವಲ್ಪವಾದರೂ ಸಮಯ ಸಿಗುತ್ತದೆ. ಬದಿಯಿಂದ ಗುದ್ದಿದರೆ ಮನುಷ್ಯನಿಗೂ ಗುದ್ದುವ ಗಾಡಿಗೂ ನಡುವೆ ಇರುವುದು ಒಂದು ಬಾಗಿಲು, ಒಂದು ಗೇಣು ಜಾಗ. ಕಣ್ಣು ಮುಚ್ಚಿ ತೆರೆಯುವುದಕ್ಕಿಂತ ಮೊದಲು ಆ ಗೇಣಿನಲ್ಲಿ ಚೀಲ ಉಬ್ಬಿ ನಿಲ್ಲಬೇಕು. ಅದಕ್ಕೇ ಚೀಲವನ್ನು ದೂರ ಎಲ್ಲೋ ಇಡದೆ, ಮೈಗೆ ಒತ್ತಿಕೊಂಡೇ ಇರುವ ಸೀಟಿನ ಬದಿಯಲ್ಲಿ ಮಡಚಿಟ್ಟಿದ್ದಾರೆ. ಪೆಟ್ಟು ಬಿದ್ದದ್ದನ್ನು ತಿಳಿಯುವ ಸಾಧನ ಬಾಗಿಲ ಹತ್ತಿರವೇ ಇದೆ. ಅದು ಹೇಳಿದ ಕೂಡಲೇ ಚೀಲಕ್ಕೆ ಗಾಳಿ ನುಗ್ಗುತ್ತದೆ, ಸೀಟಿನ ಹೊಲಿಗೆ ಹರಿಯುತ್ತದೆ, ಚೀಲ ಹೊರಗೆ ಬಂದು ಪಕ್ಕೆಲುಬಿಗೆ ಅಡ್ಡ ನಿಲ್ಲುತ್ತದೆ.

"ಆ ಹೊಲಿಗೆ ಹರಿಯಬೇಕು ಅಂತಲೇ ಹಾಕಿದ್ದು ಅಮ್ಮ. ಅದರ ಮೇಲೆ ನೀವು ಕಬ್ಬಿಣದ ಹಾಗೆ ಹೊಲಿದಿದ್ದೀರಿ. ಚೀಲ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ. ತಡವಾಗಿ ಬಂದ್ರೂ ಬಂದ ಹಾಗೆ ಆಗುವುದಿಲ್ಲ."

ನಾನು ಕನ್ನಡಕ ಸರಿಮಾಡಿ ಬಗ್ಗಿ ನೋಡಿದೆ. ಸೀಟಿನ ಬೇರೆಲ್ಲ ಕಡೆ ದಾರ ದಪ್ಪ. ಅಲ್ಲಿ ಮಾತ್ರ ಸಪೂರದ ದಾರ. ಹರಿದ ತುದಿಗಳು ಒಂದೇ ಸಮ ಸಾಲಾಗಿ ನಿಂತಿದ್ದವು. ಕೇಳಬಾರದೆಂದುಕೊಂಡರೂ ಕೇಳಿದೆ.

"ದಿನಾ ಹತ್ತಿ ಇಳಿದರೆ ಅದು ಹರಿಯುವುದಿಲ್ಲವಾ?"

"ಇಲ್ಲ. ಹೊರಗಿನಿಂದ ಉಜ್ಜಿದರೆ ಏನೂ ಆಗುವುದಿಲ್ಲ. ಒಳಗಿನಿಂದ ತಳ್ಳಿದರೆ ಮಾತ್ರ."

ಆಗ ನನಗೆ ನಿಮ್ಮ ಅಜ್ಜ ನೆನಪಾದರು. ಅವರು ಬೋಟಿಗೆ ಸೇರಿದ ಹೊಸದರಲ್ಲಿ ನಡೆದದ್ದು, ಅವರೇ ಹೇಳಿ ನಗುತ್ತಿದ್ದರು. ಬೋಟಿನ ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯ ಕೊನೆಯಲ್ಲಿ ಮೀನು ತುಂಬುವ ಚೀಲದ ಬಾಯಿಯನ್ನು ಹಗ್ಗದಿಂದ ಕಟ್ಟುತ್ತಾರೆ. ಆ ಗಂಟು ಕಡಲಿನಲ್ಲಿ ಎಷ್ಟು ಎಳೆದಾಟವನ್ನೂ ತಡೆಯಬೇಕು, ಆದರೆ ಚೀಲ ಬೋಟಿನ ಮೇಲೆ ಬಂದಾಗ ಒಂದೇ ಎಳೆತಕ್ಕೆ ಬಿಚ್ಚಿ ಮೀನು ಸುರಿಯಬೇಕು. ಹೊಸಬರಾದ ಅಜ್ಜ ಗಟ್ಟಿ ಇರಲಿ ಎಂದು ಗಂಟಿನ ಮೇಲೆ ಗಂಟು ಹಾಕಿಬಿಟ್ಟಿದ್ದರು. ಮೀನು ತುಂಬಿದ ಚೀಲ ಮೇಲೆ ತೂಗುತ್ತಿದೆ, ಬೋಟು ಓಲಾಡುತ್ತಿದೆ, ಗಂಟು ಬಿಚ್ಚುತ್ತಿಲ್ಲ. ಬೋಟು ನಡೆಸುವ ತಾಂಡೇಲ ಕೂಗಿದನಂತೆ, "ಮಾರಾಯ, ನೀನು ಕಟ್ಟಿದ್ದು ಬಲೆಗಾ, ಇಲ್ಲ ಹೆಂಡತಿಗೆ ತಾಳಿಯಾ?" ನಾನು ಮಾಡಿದ್ದೂ ಅದೇ ಕೆಲಸ. ಗಟ್ಟಿ ಇದ್ದರೆ ಒಳ್ಳೆಯದು ಎಂಬುದು ಇಬ್ಬರ ಕೈಗೂ ಹತ್ತಿದ ಅಭ್ಯಾಸ. ವ್ಯತ್ಯಾಸವೆಂದರೆ ಅಲ್ಲಿ ತೂಗುತ್ತಿದ್ದದ್ದು ಮೀನು. ಇಲ್ಲಿ ಆ ಸೀಟಿನಲ್ಲಿ ದಿನವೂ ಕೂರುವುದು ನನ್ನ ಮಗಳು.

ನಿಮ್ಮ ಅಮ್ಮ ನನ್ನ ಮುಖ ನೋಡಿದಳು. ನನಗೆ ಬೇಸರ ಆಗಬಾರದೆಂದು ಹುಡುಗಿಗೆ ಹೇಳಿದಳು, "ಅಮ್ಮ ಎಷ್ಟು ಕಷ್ಟಪಟ್ಟು ಹೊಲಿದದ್ದು. ಸ್ವಲ್ಪ ದಿನ ಇರಲಿ, ಆಮೇಲೆ ನಿಧಾನಕ್ಕೆ ತೆಗೆಯುವ."

ಅಲ್ಲಿ ಏಳೆಂಟು ಗಂಡಸರು ಕೆಲಸ ಮಾಡುತ್ತಿದ್ದರು. ನನ್ನ ಸ್ವರ ಅಷ್ಟು ಜೋರಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ.

"ನಿಧಾನ ಬೇಡ. ಈಗಲೇ ತೆಗೆಯಬೇಕು. ಒಂದು ಬ್ಲೇಡ್ ಕೊಡಿ."

ಎಲ್ಲರೂ ತಿರುಗಿ ನೋಡಿದರು. ಹುಡುಗಿ ಓಡಿಹೋಗಿ ಬ್ಲೇಡ್ ತಂದಳು. ನಾನು ಕಾರಿನ ಬಾಗಿಲು ತೆರೆದು, ನೆಲದಲ್ಲಿ ಕುಕ್ಕರಗಾಲಲ್ಲಿ ಕೂತೆ. ನನ್ನ ಹೊಲಿಗೆ ನನಗೇ ಸುಲಭಕ್ಕೆ ಬಿಡಲಿಲ್ಲ. ನಿಮ್ಮ ಅಮ್ಮ ಎರಡೂ ಕೈಯಿಂದ ಎಳೆದು ಹಿಡಿದಳು. ನಾನು ಒಂದೊಂದೇ ಹೊಲಿಗೆ ಕೊಯ್ದೆ. ಕೆಳಗಿನ ಸೀಟಿಗೆ ಬ್ಲೇಡ್ ತಾಗದ ಹಾಗೆ ಹುಡುಗಿ ತನ್ನ ಬೆರಳನ್ನೇ ಅಡ್ಡ ಇಟ್ಟಳು.

"ಎಷ್ಟು ಎಳೆದರೂ ಬರುವುದಿಲ್ಲವಲ್ಲ ಅಮ್ಮ," ಎಂದು ನಿಮ್ಮ ಅಮ್ಮ ಉಸಿರು ಬಿಟ್ಟಳು. ಈಗ ಅವಳು ನಗುತ್ತಿರಲಿಲ್ಲ.

ಮುಂದಿನ ಎರಡೂ ಸೀಟಿನ ಕವರು ಪೂರ್ತಿ ತೆಗೆದೆವು. ಹಿಂದಿನ ಸೀಟಿನದ್ದನ್ನು ಹುಡುಗಿ ಪರೀಕ್ಷೆ ಮಾಡಿ, ಅಲ್ಲಿ ಏರ್‌ಬ್ಯಾಗ್ ಇಲ್ಲ, ಇರಲಿ ಎಂದಳು. ಪುಟ್ಟ ಐಸ್‌ಕ್ರೀಮ್ ಚೆಲ್ಲುವುದೂ ಅಲ್ಲೇ ಆದ್ದರಿಂದ ನನಗೆ ಸಮಾಧಾನವಾಯಿತು. ಬಿಡಿಸಿದ ಕವರಿನ ಬಟ್ಟೆಯಲ್ಲಿ ಕೈಚೀಲ ಹೊಲಿದೆ. ಆ ಅಂಚನ್ನು ಮಾತ್ರ ಕತ್ತರಿಸಿ ಮೊಳೆಗೆ ಹಾಕಿದೆ. ನೂಲು ಇನ್ನೂ ಅದರಲ್ಲಿ ಇದೆ, ನೋಡಿ.

ಮುಂದಿನದ್ದು ಅದಾದ ಮೇಲಿನ ಮಳೆಗಾಲದಲ್ಲಿ ಆದದ್ದು. ನಿಮ್ಮನ್ನು ಶಾಲೆಗೆ ಬಿಟ್ಟು ಅವಳು ಆಫೀಸಿಗೆ ಹೋಗುತ್ತಿದ್ದಳು. ನಾನು ಬಂಗುಡೆ ಕೊಯ್ಯುತ್ತಿದ್ದೆ. ಫೋನು ಬಂತು. ಕೈ ತೊಳೆಯದೆ ಮೊಣಕೈಯಿಂದ ಒತ್ತಿ ಕಿವಿ ಕೊಟ್ಟೆ.

"ಅಮ್ಮ, ನಾನು ಸರಿ ಇದ್ದೇನೆ. ಮೊದಲು ಅದು ಕೇಳಿ. ಸರಿ ಇದ್ದೇನೆ."

"ಎಂತ ಆಯಿತು?"

"ಕೊಟ್ಟಾರದಲ್ಲಿ ತಿರುಗುವಾಗ ಒಂದು ಗೂಡ್ಸ್ ಟೆಂಪೋ ಬದಿಗೆ ಬಂದು ಹೊಡೆಯಿತು. ನನ್ನ ಬಾಗಿಲಿಗೇ." ಆಮೇಲೆ ಹೇಳಿದಳು, "ಹೊಲಿಗೆ ಬಿಚ್ಚಿತು ಅಮ್ಮ."

ನಾನು ಅಲ್ಲೇ ಅಡುಗೆಮನೆಯ ನೆಲದಲ್ಲಿ ಕೂತುಬಿಟ್ಟೆ. ಬೆಕ್ಕು ಬಂದು ಒಂದು ಬಂಗುಡೆ ಎತ್ತಿಕೊಂಡು ಹೋಯಿತು. ಹೋಗಲಿ, ಅದಕ್ಕೂ ಇವತ್ತು ಹಬ್ಬವಾಗಲಿ ಎಂದು ಬಿಟ್ಟೆ.

ಆಸ್ಪತ್ರೆಯಲ್ಲಿ ಅವಳ ಬಲಭುಜ ನೀಲಿಗಟ್ಟಿತ್ತು, ಪಕ್ಕೆ ನೋಯುತ್ತಿತ್ತು, ಆದರೆ ಎಲುಬು ಮುರಿದಿರಲಿಲ್ಲ. ಸೀಟ್‌ಬೆಲ್ಟ್ ಹಾಕಿದ್ದಳು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಮನೆಗೆ ಕಳುಹಿಸಿದರು. ನಿಮಗೆ ಆಗ ನಾವು ಹೇಳಿದ್ದು ಅಮ್ಮ ಜಾರಿ ಬಿದ್ದದ್ದು ಎಂದು.

ಕಾರನ್ನು ನೋಡಬೇಕು ಎಂದು ನಾನೇ ಕೇಳಿದೆ. ಬಾಗಿಲು ಒಳಗೆ ಬಗ್ಗಿತ್ತು. ಕಿಟಕಿಯ ಮೇಲಿನಿಂದ ಒಂದು ಬಿಳಿ ಪರದೆ ಇಳಿದುಬಂದಿತ್ತು, ಅದು ತಲೆ ಕಾಯುವುದಂತೆ. ಸೀಟಿನ ಬದಿ ಮೇಲಿನಿಂದ ಕೆಳಗೆ ನೇರ ಬಿಚ್ಚಿಕೊಂಡಿತ್ತು. ಚೀಲವನ್ನು ಕೈಗೆ ತೆಗೆದುಕೊಂಡೆ. ನೈಲಾನ್ ಬಟ್ಟೆ, ನಮ್ಮ ಮನೆಯ ನೂಲಿನ ಜಾತಿಯದ್ದೇ. ಅದರ ಅಂಚಿನ ಹೊಲಿಗೆ ಒತ್ತೊತ್ತಾಗಿ, ಸಾಲಿನ ಮೇಲೆ ಸಾಲು, ನಾನು ಹೊಲಿದ ಹಾಗೆಯೇ. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಅದನ್ನು ಸುತ್ತಿದ್ದ ಸೀಟಿನ ಹೊಲಿಗೆ ಮಾತ್ರ ಪೂರ್ತಿ ಬಿಟ್ಟಿತ್ತು. ಅಂಗೈಯಷ್ಟು ಅಂತರದಲ್ಲಿ ಎರಡು ಹೊಲಿಗೆ, ಒಂದು ಬಿಡಬೇಕು, ಒಂದು ಬಿಡಬಾರದು. ಯಾರೋ ಕೂತು ಇದನ್ನು ಯೋಚಿಸಿದ್ದಾರೆ. ಎಷ್ಟು ಸಪೂರದ ದಾರ ಸಾಕು ಎಂದು ಹರಿದು ಹರಿದು ನೋಡಿದ್ದಾರೆ. ಯಾವ ದೇಶದವರೋ, ನಮ್ಮ ಕೊಟ್ಟಾರದ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆಮೇಲೆ ಯಾವುದೋ ಕಾರ್ಖಾನೆಯಲ್ಲಿ ಯಾರೋ ಒಬ್ಬಳು, ನನ್ನ ಹಾಗೆ ಹೊಲಿಯುವವಳು, ಹೇಳಿದ ಕಡೆ ಹೇಳಿದ ದಾರವನ್ನೇ ಹಾಕಿದ್ದಾಳೆ. ಇನ್ನೂ ಗಟ್ಟಿ ಇರಲಿ ಎಂದು ಅವಳ ಕೈ ಆಸೆಪಡಲಿಲ್ಲ. ಅವಳನ್ನು ನಾನು ದಿನವೂ ದೀಪ ಹಚ್ಚುವಾಗ ನೆನೆಯುತ್ತೇನೆ. ಟಾರ್ಚು ಹಿಡಿದ ಆ ಹುಡುಗಿಯನ್ನೂ. ಅವಳಿಗೆ ನಾನೇ ಕೈಯಾರೆ ಹುಳಿಖಾರದ ಬಂಗುಡೆ ಸಾರು, ನಮ್ಮ ಪುಳಿಮುಂಚಿ, ಮಾಡಿ ತೆಗೆದುಕೊಂಡು ಹೋಗಿದ್ದೆ. ಅವಳು ಮೀನು ತಿನ್ನದವಳು ಎಂದು ಅಲ್ಲಿ ಹೋದ ಮೇಲೆ ತಿಳಿಯಿತು. ಉಳಿದವರೆಲ್ಲ ತಿಂದರು. ಅವಳು ನಗುತ್ತಾ ಪಕ್ಕದಲ್ಲಿ ನಿಂತು ಖಾಲಿ ಡಬ್ಬಿ ತೊಳೆದುಕೊಟ್ಟಳು.

ಇಷ್ಟೇ ಮಕ್ಕಳೇ. ನೀವು ದೊಡ್ಡವರಾಗಿ ನಿಮ್ಮದೇ ಗಾಡಿ ತೆಗೆದುಕೊಂಡಾಗ, ಸೀಟಿನ ಬದಿಯಲ್ಲಿ ನಾಲಿಗೆ ಚಾಚಿದ ಆ ಸಣ್ಣ ಪಟ್ಟಿ ಇದೆಯೇ ನೋಡಿ. ಅದರಲ್ಲಿ ಇರುವುದು ಕಂಪನಿಯ ಹೆಸರಲ್ಲ, ಏರ್‌ಬ್ಯಾಗ್ ಎಂದು ಇಂಗ್ಲಿಷಿನಲ್ಲಿ ಬರೆದದ್ದು. ಇದ್ದರೆ ಅದರ ಮೇಲೆ ಏನನ್ನೂ ಹೊಲಿಯಬೇಡಿ, ಹೊಲಿಯಲು ಯಾರಿಗೂ ಬಿಡಬೇಡಿ.

ನಮ್ಮ ಜೆಪ್ಪುವಿನ ಮಳೆಗಾಲದಲ್ಲಿ ಕಾಗದಕ್ಕೆ ಬೇಗ ಬೂಸ್ಟು ಹಿಡಿಯುತ್ತದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೆಷಿನಿನ ಖಾನೆಯಲ್ಲಿ ಇಡುತ್ತೇನೆ. ನಾನು ಇಲ್ಲದ ಮೇಲೆ ಆ ನೀಲಿ ಪಟ್ಟಿಯನ್ನೂ ಮೊಳೆಯಿಂದ ತೆಗೆದು ಇದರ ಜೊತೆಗೇ ಇಡಿ. ಬಿಸಿಲು ಬಂದ ದಿನ ಎರಡನ್ನೂ ಹೊರಗೆ ಒಣಗಿಸಿ. ಜೋಪಾನ ಮಾಡಿ. ಸುತ್ತಿದ್ದಕ್ಕೆ ಕಟ್ಟುವ ನೂಲು ಮಾತ್ರ ಸಡಿಲ ಇರಲಿ, ಬೇಕಾದಾಗ ಬಿಚ್ಚಲಿಕ್ಕೆ ಸುಲಭವಾಗಬೇಕು.