ಮೊದಲ ಪೀರಿಯಡ್ಡಿನ ಲೆಕ್ಕ

ಶಿಕ್ಷಕರ ತರಬೇತಿ ಟಿ.ಸಿ.ಎಚ್. ಮುಗಿಸಿದ ಮರುವರ್ಷವೇ ನನಗೆ ಕೆಲಸ ಸಿಕ್ಕಿತು. ಬೆಳಕವಾಡಿಗೆ ಎರಡು ಮೈಲಿ ಇರುವಾಗಲೇ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಊರಿನ ಸರ್ಕಾರಿ ಮಾಧ್ಯಮಿಕ ಶಾಲೆ. ಎಪ್ಪತ್ತರ ದಶಕದ ನಡುಭಾಗ. ಮಂಡ್ಯದಲ್ಲಿ ಕಚೇರಿ ಗುಮಾಸ್ತರ ಮಗಳಾಗಿ ಬೆಳೆದ ನನಗೆ ಗದ್ದೆಯ ಬದುವಿನ ಮೇಲೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ. ಗಣಿತ ಕಲಿಸುವುದು ಮಾತ್ರ ಬರುತ್ತದೆ ಎಂದುಕೊಂಡಿದ್ದೆ.

ಏಳನೇ ತರಗತಿಗೆ ದಿನದ ಮೊದಲ ಪೀರಿಯಡ್ಡು ನನ್ನದು. ಗಂಟೆ ಹೊಡೆದ ಮೇಲೆ ಬಂದವರು ಪಾಠ ಮುಗಿಯುವ ತನಕ ಜಗಲಿಯ ಮೇಲೆ ನಿಲ್ಲಬೇಕೆಂದು ಮೊದಲ ವಾರವೇ ಹೇಳಿಬಿಟ್ಟೆ. ಹಾಜರಿ ಪುಸ್ತಕದಲ್ಲಿ ಅಂಥವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ತ' ಎಂದು ಬರೆಯುತ್ತಿದ್ದೆ. ತಡ ಎಂಬುದಕ್ಕೆ. ದಿನವೂ ಏಳೆಂಟು ಮಕ್ಕಳು ಹೊರಗೆ ನಿಲ್ಲುತ್ತಿದ್ದರು. ಒಂದು ಸಲ ಒಬ್ಬ ಹುಡುಗನ ತಾಯಿಯನ್ನು ಕರೆಸಿ, ಎಲ್ಲರ ಎದುರೇ, "ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕಳಿಸಲು ಆಗದಿದ್ದರೆ ಯಾಕೆ ಸೇರಿಸಿದಿರಿ?" ಎಂದು ಕೇಳಿದ್ದೆ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ಏಪ್ರಿಲ್‌ನಲ್ಲಿ ಪಬ್ಲಿಕ್ ಪರೀಕ್ಷೆ ಆಯಿತು. ಫಲಿತಾಂಶ ಬಂದಾಗ ತರಗತಿಯ ಅರ್ಧದಷ್ಟು ಮಕ್ಕಳು ಫೇಲು. ಮಳವಳ್ಳಿಯ ಶಿಕ್ಷಣ ಕಚೇರಿಯಿಂದ ಒಂದು ಕಾಗದ ಬಂತು: ಫೇಲಾದವರ ಜಾತಿ, ತಂದೆಯ ಕಸುಬು, ಪ್ರತಿ ವಿಷಯದ ಅಂಕಗಳನ್ನು ಪಟ್ಟಿ ಮಾಡಿ, ಕೊನೆಗೆ ಕಾರಣ ಬರೆದು ಕಳಿಸಬೇಕು. ನನ್ನ ಕೈಬರಹ ಚೆನ್ನಾಗಿದೆಯೆಂದು ಹೆಡ್ ಮೇಷ್ಟ್ರು ಆ ಕೆಲಸವನ್ನು ನನಗೇ ಕೊಟ್ಟರು. ಮದ್ದೂರಿನವರು, ನಿವೃತ್ತಿಗೆ ಹತ್ತಿರವಿದ್ದರು.

"ಕಾರಣ ಏನಂತ ಬರೀಲಿ ಸಾರ್?"

"ಪೋಷಕರ ನಿರಾಸಕ್ತಿ. ನಾನು ಎಷ್ಟೋ ವರ್ಷದಿಂದ ಅದನ್ನೇ ಬರೀತಾ ಇದೀನಿ."

ನನಗೂ ಅದು ಸರಿಯೆನಿಸಿತು. ಪಾಸಾದವರಲ್ಲಿ ಅರ್ಚಕರ ಮಗ, ಶಾನುಭೋಗರ ಮನೆಯ ಇಬ್ಬರು, ಶಿವನಸಮುದ್ರದ ಕರೆಂಟು ಕೆಲಸಕ್ಕೆ ಹೋಗುತ್ತಿದ್ದವರ ಮಕ್ಕಳು ಇದ್ದರು. ಫೇಲಾದವರು ಹೆಚ್ಚುಕಡಿಮೆ ಎಲ್ಲರೂ ಒಕ್ಕಲು ಮನೆಯವರು ಮತ್ತು ಊರಾಚೆ ಕಾಲೊನಿಯವರು. ಜಾತಿಯ ಕಾಲಮ್ಮಿನಲ್ಲೇ ಉತ್ತರ ಇದ್ದಂತೆ ಕಾಣುತ್ತಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಆ ಉತ್ತರದಿಂದ ನನಗೆ ಸಮಾಧಾನವೇ ಆಗಿತ್ತು.

ಅಂಕ ತುಂಬುತ್ತ ಹೋದಾಗ ಒಬ್ಬ ಹುಡುಗಿಯ ಸಾಲಿನಲ್ಲಿ ಕೈ ನಿಂತಿತು. ಊರಿಗೇ ಹೆಚ್ಚು ಗದ್ದೆಯಿದ್ದ ಒಕ್ಕಲು ಮನೆಯವಳು. ಕನ್ನಡದಲ್ಲಿ ಅರ್ಚಕರ ಮಗನಿಗಿಂತ ಹೆಚ್ಚು ಅಂಕ, ಸಮಾಜದಲ್ಲೂ ವಿಜ್ಞಾನದಲ್ಲೂ ಪಾಸು. ಗಣಿತದಲ್ಲಿ ಹದಿನಾಲ್ಕು. ಕೆಳಗೆ ನೋಡಿದೆ. ಮತ್ತೊಬ್ಬ, ಅವನೂ ಹಾಗೆಯೇ. ಇನ್ನೊಬ್ಬಳೂ. ಫೇಲಾದವರಲ್ಲಿ ಬಹಳ ಮಂದಿಯನ್ನು ಬೀಳಿಸಿದ್ದು ಒಂದೇ ವಿಷಯ, ನನ್ನದು. ಹಾಜರಿ ಪುಸ್ತಕ ತರಿಸಿ ಪಕ್ಕದಲ್ಲಿಟ್ಟುಕೊಂಡೆ. ಕೆಂಪು 'ತ' ಯಾರ ಮುಂದೆ ಸಾಲುಗಟ್ಟಿತ್ತೋ ಅವರೇ ಇಲ್ಲಿದ್ದರು. ಪೆನ್ನು ಮುಚ್ಚಿಟ್ಟೆ.

ಸಂಜೆ ಆ ಹುಡುಗಿಯ ಮನೆಗೆ ಹೋದೆ. ಅವಳ ತಾಯಿ ಚಾಪೆ ಹಾಸಿ, ಮಜ್ಜಿಗೆ ತಂದಿಟ್ಟರು.

"ಬೆಳಿಗ್ಗೆ ಇವಳು ಯಾಕಮ್ಮ ತಡವಾಗಿ ಬರ್ತಿದ್ದಳು?" ಎಂದೆ.

"ಗದ್ದೆತಾವ ಉಳೋರು ಅಸ್ಕಂಡು ಕುಂತಿರ್ತಾರೆ ಕಣಮ್ಮ. ನಾನು ಕೊಟ್ಟಿಗೆ ಕೆಲ್ಸ ಮುಗ್ಸಿ ಮುದ್ದೆ ಕಟ್ಟಿಕೊಡ್ತೀನಿ, ಇವ್ಳು ಒತ್ಕಂಡೋಗಿ ಕೊಟ್ಟು ಬತ್ತಾಳೆ. ಇನ್ಯಾರವ್ರೆ ಓಗಕ್ಕೆ?"

ಗದ್ದೆ ನಾಲೆಯಾಚೆ ಇತ್ತು. ಹೋಗಿಬರಲು ಒಂದು ಗಂಟೆಯ ದಾರಿ. ಅಲ್ಲಿಂದ ಅವಳು ಓಡಿಯೇ ಶಾಲೆಗೆ ಬರುತ್ತಿದ್ದಳು.

ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಯನ್ನು ಕೇಳಿದೆ, "ನನಗೆ ಒಂದು ಮಾತು ಹೇಳಬಾರದಿತ್ತಾ?"

"ಏಳಿದ್ರೆ ನಮ್ಮವ್ವನ್ನೂ ಕರ್ಸಿ ಬೈತಿದ್ರಿ ಮೇಡಂ."

ಮಜ್ಜಿಗೆ ಲೋಟವನ್ನು ಹಾಗೇ ಇಟ್ಟು ಎದ್ದೆ.

ಮರುದಿನ ಹೆಡ್ ಮೇಷ್ಟ್ರ ಮುಂದೆ ಪಟ್ಟಿಯನ್ನೂ ಹಾಜರಿ ಪುಸ್ತಕವನ್ನೂ ಇಟ್ಟು, ಗಣಿತವನ್ನು ಮಧ್ಯಾಹ್ನಕ್ಕೆ ಹಾಕಿಕೊಡಿ ಎಂದೆ.

"ಊಟ ಆದ್ಮೇಲೆ ಲೆಕ್ಕ ಹೇಳಿದ್ರೆ ತೂಕಡಿಸ್ತವೆ ಕಣಮ್ಮ."

"ತೂಕಡಿಸೋದಕ್ಕಾದ್ರೂ ಒಳಗೆ ಇರ್ತಾರಲ್ಲ ಸಾರ್."

ಅವರು ನಕ್ಕರು. ಕಾರಣದ ಕಾಲಮ್ಮು ಓದಿದಾಗ ನಗು ನಿಂತಿತು. 'ಗಣಿತದ ಪಾಠ ಬೆಳಗಿನ ಮೊದಲ ಅವಧಿಯಲ್ಲಿದ್ದು, ತಡವಾಗಿ ಬಂದವರನ್ನು ಶಿಕ್ಷಕಿ ಹೊರಗೆ ನಿಲ್ಲಿಸುತ್ತಿದ್ದುದು' ಎಂದು ಬರೆದಿದ್ದೆ.

"ಇದನ್ನ ಕಳಿಸಿದ್ರೆ ನಿಮಗೇ ಮೆಮೊ ಬರುತ್ತೆ. ಇನ್ನೂ ಕೆಲಸ ಕಾಯಂ ಆಗಿಲ್ಲ."

"ಬರಲಿ ಸಾರ್."

ಧೈರ್ಯದಿಂದ ಹೇಳಿದ್ದಲ್ಲ. ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಹೆದರಿಕೊಂಡೇ ಬರೆದ ಸಾಲು ಅದು. ಹೆಡ್ ಮೇಷ್ಟ್ರು ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು. ತಿಂಗಳುಗಟ್ಟಲೆ ಟಪಾಲಿನವನು ಬಂದಾಗಲೆಲ್ಲ ಮೊದಲು ನಾನೇ ಹೋಗಿ ಕಾಗದಗಳನ್ನು ನೋಡುತ್ತಿದ್ದೆ. ಮೆಮೊ ಬರಲೇ ಇಲ್ಲ. ಆ ಪಟ್ಟಿಯನ್ನು ಯಾರಾದರೂ ಓದಿದರೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಹುಡುಗಿ ಮತ್ತೆ ಏಳನೇ ತರಗತಿಗೇ ಬಂದು, ತನಗಿಂತ ಚಿಕ್ಕವರ ನಡುವೆ ಕೊನೆಯ ಬೆಂಚಿನಲ್ಲಿ ಕುಳಿತಳು. ಭಿನ್ನರಾಶಿ ಅವಳಿಗೆ ಸುಲಭವಾಗಿ ಹತ್ತಲಿಲ್ಲ. ಒಂದೇ ಲೆಕ್ಕವನ್ನು ಮೂರು ಸಲ ಅಳಿಸಿ ಮಾಡುತ್ತಿದ್ದಳು. ಹೆಡ್ ಮೇಷ್ಟ್ರು ಹೇಳಿದ್ದೂ ಸುಳ್ಳಾಗಲಿಲ್ಲ, ಗಣಿತ ಮಧ್ಯಾಹ್ನಕ್ಕೆ ಬಂದ ಮೇಲೆ ಇಬ್ಬರು ಮೂವರು ತೂಕಡಿಸುತ್ತಲೇ ಇದ್ದರು. ಆ ವರ್ಷ ಎಲ್ಲರೂ ಪಾಸಾಗಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಒಬ್ಬನೂ ಫೇಲಾದ. ಅವಳಿಗೆ ಗಣಿತದಲ್ಲಿ ನಲವತ್ತೊಂದು ಬಂತು. ಸುದ್ದಿ ಹೇಳಿದಾಗ, "ನಾನೇಯಾ ಮೇಡಂ? ಸರ್ಯಾಗಿ ನೋಡಿ" ಎಂದಳು. ಇಬ್ಬರೂ ಬೆರಳಿಟ್ಟು ಮತ್ತೊಮ್ಮೆ ನೋಡಿದೆವು.

ಅವಳು ಮಳವಳ್ಳಿಯ ಹೈಸ್ಕೂಲಿಗೆ ಸೇರಿದಳು. ಎರಡು ವರ್ಷದ ಮೇಲೆ ನನಗೆ ರೈಲು ಹಳಿ ಹಾದುಹೋಗುವ ಯಲಿಯೂರಿನ ಕಡೆಗೆ ವರ್ಗವಾಯಿತು. ಅಲ್ಲಿಯ ಶಾಲೆಯಲ್ಲಿ ಮೊದಲ ದಿನವೇ ಒಬ್ಬ ಹುಡುಗ ಪಾಠ ಅರ್ಧವಾದ ಮೇಲೆ ಬಂದು ಬಾಗಿಲಲ್ಲಿ ನಿಂತ. ಒಳಗೆ ಕರೆದು ಕೂರಿಸಿ, ಗಂಟೆ ಹೊಡೆದ ಮೇಲೆ ಹತ್ತಿರ ಕರೆದು, ತಡವಾದದ್ದೇಕೆಂದು ಮೆಲ್ಲಗೆ ಕೇಳಿದೆ. ಮನೆಯಲ್ಲಿ ಏನೋ ಕಷ್ಟವಿರಬೇಕೆಂದು ಆಗಲೇ ಅಂದುಕೊಂಡಿದ್ದೆ.

"ಗೂಡ್ಸ್ ಗಾಡಿ ಬಂತು ಮೇಡಂ. ಡಬ್ಬ ಎಣಿಸ್ತಾ ನಿಂತ್ಕಂಡಿದ್ದೆ."

"ಎಷ್ಟಿದ್ದವು?" ಎಂದೆ.