ಇಬ್ಬರಿಗೂ ಒಂದನೇ ನಂಬರು ಕೊಟ್ಟ ಕನಕಮ್ಮ

ಬೆಳಗಿನ ಆರು ಗಂಟೆ. ಸಿಂಧನೂರಿನ ಹೊರವಲಯದ ಅಕ್ಕಿ ಗಿರಣಿಯಲ್ಲಿ ಕನಕಮ್ಮ ಒಣ ಬಟ್ಟೆ ಹಿಡಿದು ಸಣ್ಣ ಕೋಣೆಯೊಂದರ ಮುಂದೆ ಕಾಯುತ್ತಿದ್ದಾರೆ. ಬಾಗಿಲಿಗೆ ಎರಡು ಕೀಲಿ. ಒಂದರ ಚಾವಿ ಪಂಪಣ್ಣನವರ ಹತ್ತಿರ, ಇನ್ನೊಂದರದ್ದು ನರಸಣ್ಣನವರ ಹತ್ತಿರ. ಇಬ್ಬರೂ ಗಿರಣಿಯ ಪಾಲುದಾರರು, ಸಾಲದ್ದಕ್ಕೆ ಬೀಗರು. ಒಳಗಿರುವುದು ತಿಜೋರಿಯಲ್ಲ, ಮೂರು ಕಂಪ್ಯೂಟರುಗಳ ತಂತಿ ಬಂದು ಸೇರುವ ಒಂದು ಡಬ್ಬಿ.

“ಹಬ್ ಅಂತಾರ್ರಿ ಇದಕ್ಕ. ಭತ್ತದ ಧೂಳು ಕುಂದ್ರಬಾರ್ದು, ದಿನಾ ಒರಸ್ತೀನಿ. ಒರಸೋ ಮುಂದ ಇಬ್ರೂ ನಿಂತು ನೋಡ್ತಾರ.”

ಎರಡು ಕೀಲಿ ಕಂಡಾಗ ಗಿರಣಿ ನೋಡಲು ಬಂದ ನನಗೂ ಅನುಮಾನ ಬರುತ್ತದೆ, ಈಕೆ ಏನೋ ಮಾಡಿರಬೇಕು ಎಂದು. ಮಾಡಿದ್ದಾರೆ.

ವಳಕಮದಿನ್ನಿಯ ಕನಕಮ್ಮ ಲಿಂಗಸುಗೂರಿನಲ್ಲಿ ಟೈಪಿಂಗ್ ಕಲಿತು ಇಲ್ಲಿ ಕೆಲಸಕ್ಕೆ ಸೇರಿದವರು. ಲಾರಿಯ ತೂಕದಲ್ಲಿ ಪಾಲುದಾರರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ. ತೂಕ ಇಬ್ಬರ ಕೋಣೆಯಲ್ಲೂ ಒಟ್ಟಿಗೇ ಕಾಣಲಿ ಎಂದು ಹೋದ ವರ್ಷ, ತೊಂಬತ್ತೇಳರಲ್ಲಿ, ಕಂಪ್ಯೂಟರು ತರಿಸಿದರು. ಜೋಡಿಸಲು ರಾಯಚೂರಿನಿಂದ ಬಂದ ಮಲೀಕಸಾಬ ಪಕ್ಕದಲ್ಲಿ ಕೂರಿಸಿಕೊಂಡು ಕನಕಮ್ಮನಿಗೆ ಕೆಲಸ ಕಲಿಸಿದರು. ಪಂಪಣ್ಣನವರ ಯಂತ್ರಕ್ಕೆ ಒಂದು, ನರಸಣ್ಣನವರದಕ್ಕೆ ಎರಡು, ತೂಕದ ಕಟ್ಟೆಯದಕ್ಕೆ ಮೂರು ಎಂದು ನಂಬರು ಕೊಟ್ಟು ಹೋದರು.

ಅವರು ಬಸ್ಸು ಹತ್ತಿದ್ದೇ ತಡ, ನರಸಣ್ಣ ಕೇಳಿದರಂತೆ: “ನಾ ಏನ್ ಎರಡನೇದವನೇನಬೇ? ನಂಗೂ ಒಂದ ಹಾಕು.”

“ಗಂಡಿನ ಕಡಿ ಬೀಗರು. ಅಂಜಿಕಿಗೆ ಹಾಕೇ ಬಿಟ್ಟೆ ನೋಡ್ರಿ” ಎನ್ನುತ್ತಾರೆ ಕನಕಮ್ಮ.

ಅಲ್ಲಿಂದ ಶುರುವಾಯಿತು ಗ್ರಹಚಾರ. ಯಾರು ಮೊದಲು ಯಂತ್ರ ಹಚ್ಚುತ್ತಾರೋ ಅವರಿಗೆ ತೂಕ ಕಾಣುತ್ತದೆ, ತಡವಾಗಿ ಬಂದವರಿಗೆ ಇಲ್ಲ. ಇವತ್ತು ಪಂಪಣ್ಣ ಹೊರಗೆ, ನಾಳೆ ನರಸಣ್ಣ. ಕನಕಮ್ಮ ಎದುರಿನವರ ಕಡೆ ಸೇರಿ ತಂತಿ ಕೀಳುತ್ತಾಳೆ ಎಂದು ಇಬ್ಬರೂ ನಂಬಿದರು. ಎರಡು ಕೀಲಿ ಬಿದ್ದದ್ದು ಆಗ. ಸಾಯಂಕಾಲ ಕನಕಮ್ಮನ ಬುತ್ತಿ ಚೀಲವನ್ನೂ ತಡವಿ ನೋಡುತ್ತಿದ್ದರು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಕಳ್ಳಿ ಎಂಬ ಹೆಸರು ಹೊತ್ತು ಹೋದರೆ ಸಿಂಧನೂರಿನ ಯಾವ ಗಿರಣಿ ಸೇರಿಸಿಕೊಂಡೀತು?

ಕೊನೆಗೆ ಎಸ್‌ಟಿಡಿ ಬೂತಿನಿಂದ ಮಲೀಕಸಾಬರಿಗೆ ಕನಕಮ್ಮನ ಫೋನು. “ಎರಡು ಮನಿಗೆ ಒಂದ ನಂಬರ್ ಕೊಟ್ರ ಟಪಾಲ್ ಯಾರಿಗೆ ಹೋಗಬೇಕವಾ?” ಎಂದರಂತೆ ಅವರು.

ಕನಕಮ್ಮ ಇಬ್ಬರನ್ನೂ ಎದುರಿಗೆ ನಿಲ್ಲಿಸಿ ತಪ್ಪು ತನ್ನದೆಂದು ಒಪ್ಪಿಕೊಂಡರು. ಆದರೂ ಎರಡನೆಯ ನಂಬರಿಗೆ ಯಾರೂ ಸಿದ್ಧರಿಲ್ಲ. ಭತ್ತ ಅಳೆಯುವಾಗ ಈ ಸೀಮೆಯಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಕನಕಮ್ಮ ಅದನ್ನೇ ಹಿಡಿದರು.

“ಒಂದು ಅಂದ್ರ ಲಾಭ, ಅದು ಇಬ್ರದೂ, ತೂಕದ ಕಟ್ಟಿಗೆ ಇರ್ಲಿ ಅಂದೆ. ಅವ್ರವ್ರ ಲಾರಿ ನಂಬರಿನ ಕಡೀ ಎರಡಂಕಿ ಅವ್ರವ್ರಿಗೆ ಹಾಕಿದೆ. ಬಾಯಿ ಮುಚ್ಚಿದ್ರು.”

ಬಾಯಿ ಮುಚ್ಚಿದೆ, ಅನುಮಾನ ಮುಚ್ಚಿಲ್ಲ. ಒಬ್ಬ ಪಾಲುದಾರರು ನನ್ನನ್ನು ಮರೆಗೆ ಕರೆದು, “ಆಕಿ ಅವ್ರ ಕಡಿ ಅದಾಳ, ಹುಷಾರಿ” ಎನ್ನುತ್ತಾರೆ. ಚಹಾ ಕುಡಿಯುವಷ್ಟರಲ್ಲಿ ಇನ್ನೊಬ್ಬರೂ ಅದನ್ನೇ ಹೇಳುತ್ತಾರೆ. ನನಗೆ ಸಿಟ್ಟೇ ಬರುತ್ತದೆ. ಕನಕಮ್ಮನಿಗೆ ತಿಳಿಸಿದರೆ ಆಕೆ ನಗುತ್ತಾರೆ.

“ಇಬ್ರೂ ಅಂದ್ರೇನ್ರಿ? ಒಬ್ರ ಅಂದಿದ್ರ ಅಂಜಬೇಕಿತ್ತು. ನಾ ಯಾರ ಕಡೀನೂ ಇಲ್ಲ ಅನ್ನಾಕ ಇನ್ನೇನ್ ಸಾಕ್ಷಿ ಬೇಕು?”