ಪಡಸಾಲೆಯ ಸ್ವಾತಂತ್ರ್ಯ

ಜಮಖಂಡಿ ಮುಂಬಯಿ ರಾಜ್ಯಕ್ಕೆ ಸೇರಿದ ಮೇಲಿನ ಮಾತು. ನಾನಾಗ ಕಚೇರಿಯಲ್ಲಿ ಗುಮಾಸ್ತ. ಪ್ರತಿ ರವಿವಾರ ನಾವು ಐದು ಮಂದಿ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರ ಪಡಸಾಲೆಯಲ್ಲಿ ಸೇರಿ ಪುಸ್ತಕಗಳ ಮಾತಾಡಿ, ಊರಿಗೆ ಬುದ್ಧಿವಂತರೆಂದರೆ ನಾವೇ ಎಂದುಕೊಂಡು ಮನೆಗೆ ಹೋಗುತ್ತಿದ್ದೆವು.

ಆ ವರ್ಷ ಮಾಸ್ತರರು ಹಿಡಿದದ್ದು ಒಂದು ಹಳೆಯ ಪರದೇಶಿ ಕಾದಂಬರಿ. ಅದರ ನಾಯಕಿ ಒಲ್ಲದ ಗಂಡನನ್ನು ಬಿಟ್ಟು ಹೊರಬೀಳುತ್ತಾಳೆ. ಕೊನೆಗೆ ಜೀವ ಕಳೆದುಕೊಳ್ಳುತ್ತಾಳೆ. ಮಾಸ್ತರರು ಪುಣೆಯಿಂದ ಹೊಸ ತತ್ವವೊಂದನ್ನೂ ತಂದಿದ್ದರು.

"ಹಣೀಬರಹ ಅನ್ನೋದು ಅಂಜುಬುರುಕರ ನೆವ. ಈಕಿ ಸಾಯೋದನ್ನೂ ತಾನ ಆರಿಸಿಕೊಂಡಳು," ಎಂದು ಅಡಕೆ ಅಗಿಯುತ್ತ ಹೇಳುತ್ತಿದ್ದರು. ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ತಲೆಯನ್ನು ಮಾತ್ರ ಎಲ್ಲರಿಗಿಂತ ಜೋರಾಗಿ ಆಡಿಸುತ್ತಿದ್ದೆ.

ನಮಗೆ ಚಹಾ ತರುತ್ತಿದ್ದವಳು ಅವರ ತಂಗಿ. ಗಂಡ ಇನ್ನೊಬ್ಬಳನ್ನು ಮನೆಗೆ ತಂದು ಈಕೆಯನ್ನು ತವರಿಗೆ ಅಟ್ಟಿದ್ದ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಒಂದು ರವಿವಾರ ಕಪ್ಪುಬಸಿ ಇಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತಳು.

"ಅಣ್ಣಾ, ಬನಹಟ್ಟಿ ಹೆಣ್ಣುಮಕ್ಕಳ ಸಾಲಿಯೊಳಗ ನನಗ ನೌಕರಿ ಸಿಕ್ಕದ. ನಾಳೆ ಹೋಗ್ತೀನಿ."

ಮಾಸ್ತರರು ಅಗಿಯುವುದನ್ನು ನಿಲ್ಲಿಸಿದರು. "ಹುಚ್ಚಿ ಇದ್ದೀಯೇನು? ಗುರ್ತಿಲ್ಲದ ಊರಾಗ ಒಬ್ಬಾಕಿನ ಇರ್ತೀಯಾ? ನಿನ್ನ ಹಣ್ಯಾಗ ಬರದದ್ದು ಇಷ್ಟ. ಸುಮ್ಮ ಒಳಗ ನಡಿ."

"ಹಣೀಬರಹ ಅಂಜುಬುರುಕರ ನೆವಾ ಅಂತ ಈಗ ನೀನ ಅಂದಿ," ಎಂದಳು.

ಯಾರೂ ಅವಳ ಪರವಾಗಿ ಬಾಯಿ ಬಿಡಲಿಲ್ಲ. ನಾನು ಬಸಿಗೆ ಚಹಾ ಸುರುವಿಕೊಂಡು ಊದುತ್ತ ಕೂತೆ. ಮರುದಿನ ಅವಳು ತನ್ನ ಟ್ರಂಕು ತಾನೇ ಹೊತ್ತು ಮೋಟಾರು ಸ್ಟ್ಯಾಂಡಿಗೆ ನಡೆದು ಹೋದಳಂತೆ.

ಕೆಲವು ತಿಂಗಳ ಮೇಲೆ ಕಚೇರಿ ಕೆಲಸಕ್ಕೆ ಬನಹಟ್ಟಿಗೆ ಹೋದಾಗ, ಮಗ್ಗಗಳ ಸದ್ದಿನ ಓಣಿಯಲ್ಲಿ ಅವಳು ಎದುರಾದಳು. ಒಬ್ಬ ನೇಕಾರ ಮುದುಕಿಯ ಮನೆಯಲ್ಲಿ ಕೋಣೆ ಹಿಡಿದಿದ್ದಳು. ಆಡಲು ಬೇರೆ ಮಾತು ಸಿಗದೆ, ಆ ನಾಯಕಿಯ ಬಗ್ಗೆ ಅವಳಿಗೇನನಿಸುತ್ತದೆ ಎಂದು ಕೇಳಿದೆ. ನನ್ನ ನಾಚಿಕೆಗೇಡಿತನ ಅಷ್ಟಿತ್ತು.

"ಆಕಿ ಯಾಕ ಸತ್ತಳು ಅನ್ನೋದು ನನಗ ಗೊತ್ತದರಿ," ಎಂದಳು. "ಮನಿ ಬಿಟ್ಟ ದಿನ ನನಗೂ ಹೊಳಿ ದಂಡಿ ನೆನಪಾತು. ಅಂಥಾ ಹೊತ್ತಿನ್ಯಾಗ ಒಬ್ಬರರೆ ಮಾತಾಡಸ್ಬೇಕ್ರಿ. ಇಲ್ಲಿ ಬಂದಿಳದಾಗ ಈ ಮನಿ ಮುದುಕಿ ನನ್ನ ಮಾತಾಡ್ಸಿದಳು. ನೀವು ಐದು ಮಂದಿ ಚಹಾ ಕುಡದ್ರಿ."

ಕಚೇರಿ ಕೆಲಸದ ನೆವ ಹೇಳಿ ನಾನು ಅಲ್ಲಿಂದ ಹೊರಟೆ.

ಮರುವರ್ಷ ಮಾಸ್ತರರು ಮುಧೋಳದಲ್ಲಿ ಸ್ತ್ರೀ ಸ್ವಾತಂತ್ರ್ಯದ ಮೇಲೆ ಭಾಷಣ ಮಾಡಿದರು. ತಂಗಿಗೆ ತಾವೇ ಧೈರ್ಯ ತುಂಬಿ ನೌಕರಿಗೆ ಕಳಿಸಿದ್ದಾಗಿ ಹೇಳುವಾಗ ಅವರ ಕಣ್ಣಲ್ಲಿ ನೀರೂ ಬಂತು. ಮಂದಿ ಚಪ್ಪಾಳೆ ತಟ್ಟಿದರು. ಹಾರ ತರುವ ಕೆಲಸ ನನ್ನದಾಗಿತ್ತು. ಚೆಂಡುಹೂವಿನದು, ದೊಡ್ಡದನ್ನೇ ನೋಡಿ ತಂದಿದ್ದೆ.